ಕೆಂಪು ಚುಕ್ಕೆ

ಮತ್ಸುಯಾಮಾದ ಬೇಸ್‌ಬಾಲ್ ಮೈದಾನದೆದುರು ಬಸ್ಸಿನ ಸಾಲಿನಲ್ಲಿ ಚಿಹಾರು ನಿಂತಿದ್ದಳು. ಸೋತ ತಂಡಕ್ಕೆ ಚೆಂಡೆಸೆದವನು ಅವಳ ಮಗ. ಅವಳ ಮುಂದೆ ಗೆದ್ದ ಶಾಲೆಯ ಹುಡುಗರಿಬ್ಬರು.

“ಮೊಣಕೈ ಇನ್ನೂ ನೋಯ್ತಿದ್ಯೇನೋ, ಸೆನೋ?”

“ನೋಯ್ಲಿ ಬಿಡು, ಹಿರೋಬೆ.”

“ಮೂರೂ ಬೇಸ್ ತುಂಬಿದ್ದಾಗ ಮೈಗೆ ಚೆಂಡು ತಿಂದು, ಅದಕ್ಕೆ ಪುಕ್ಕಟೆ ಬೇಸ್ ಸಿಕ್ಕಿ, ಗೆಲ್ಲೋ ರನ್ ತಂದಿದ್ದೀಯ. ಮುಖ ಯಾಕೆ ಹುಳ್ಳಗೆ ಮಾಡ್ಕೊಂಡಿದ್ದೀಯ?”

“ಕೆಂಪು ಚುಕ್ಕೆ ಕಾಣಿಸ್ತು ಕಣೋ. ಚೆಂಡು ಬುಗುರಿ ಥರ ತಿರುಗಿದ್ರೆ ಕೆಂಪು ಹೊಲಿಗೆಯೆಲ್ಲ ಸೇರಿ ಒಂದು ಚುಕ್ಕೆ ಆಗುತ್ತಲ್ಲ, ಅದು. ಕೊನೇಲಿ ನನ್ನ ಕಡೆಗೇ ಹೊರಳುತ್ತೆ ಅಂತ ಆಗ್ಲೇ ಗೊತ್ತಾಯ್ತು.”

“ಕಣ್ಣು ಮಿಟುಕಿಸೋದ್ರೊಳಗೆ ಬರೋ ಚೆಂಡು. ಗೊತ್ತಾದ್ರೂ ತಪ್ಪಿಸ್ಕೊಳ್ಳೋಕೆ ಎಲ್ಲಿತ್ತು ಹೊತ್ತು?”

“ಮೊಣಕೈ ಚಾಚೋಕೆ ಇತ್ತಲ್ಲ.”

ಹಿರೋಬೆ ಅವನ ಮೊಣಕೈಯತ್ತ ನೋಡಿದ.

“ಅಂಪೈರ್‌ಗೆ ಕಾಣ್ಲಿಲ್ಲ. ಬೇಕಂತಲೇ ತಗುಲಿಸ್ಕೊಂಡಿದ್ದು ಅಂತ ಕಂಡಿದ್ರೆ ರನ್ ಕೊಡ್ತಿರ್ಲಿಲ್ಲ. ಎಸೆದ ಹುಡುಗ ಪಾಪ, ಟೋಪಿ ತೆಗೆದು ಬಗ್ಗಿ ಕ್ಷಮೆ ಕೇಳ್ದ. ನಾನು ಪರವಾಗಿಲ್ಲ ಅಂತ ಕೈ ಬೀಸ್ದೆ.”

ಚಿಹಾರು ಕೊರಳಲ್ಲಿದ್ದ, ಮಗನ ಶಾಲೆಯ ಹೆಸರಿನ ಟವೆಲ್ಲನ್ನು ಮೆಲ್ಲನೆ ತೆಗೆದು ಚೀಲಕ್ಕೆ ತುರುಕಿದಳು. ಬಸ್ಸು ಬಂತು. ಸೆನೋ ಪಕ್ಕಕ್ಕೆ ಸರಿದ.

“ನೀವು ಮೊದ್ಲು ಹತ್ತಿ.”

“ನಾನು ಮುಂದಿನ ಬಸ್ಸಿಗೆ ಬರ್ತೀನಪ್ಪ.”

ಬಸ್ಸು ಹೊರಟಾಗ ಅವನು ಕಿಟಕಿಯಿಂದ ನೋಡಿದ. ಚೀಲದ ಬಾಯಲ್ಲಿ ಟವೆಲ್ಲಿನ ತುದಿ, ಅದರಲ್ಲಿ ಶಾಲೆಯ ಹೆಸರಿನ ಅರ್ಧ. ಓಡುವ ಚೆಂಡಿನ ಹೊಲಿಗೆ ಕಂಡ ಕಣ್ಣಿಗೆ ಅಷ್ಟು ಸಾಕಾಯಿತು. ಟೋಪಿ ತೆಗೆದು, ಹಣೆ ಗಾಜಿಗೆ ತಾಗುವಷ್ಟು ಬಗ್ಗಿದ.

ಪರವಾಗಿಲ್ಲ ಎಂದು ಬೀಸಲು ಚಿಹಾರುವಿಗೆ ಕೈ ಏಳಲಿಲ್ಲ.