ಒಂದು ಬೆರಳು ಹೊರಗೆ

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಕಿಟಕಿ ಹಾಗೇ ಇರಲಿ, ಸೆಖೆ... ದೀಪ ಮಾತ್ರ ಸ್ವಲ್ಪ ಇಳಿಸಿ.

ಇದು ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ ನನ್ನ ಕಿವಿಗೆ ಹಾಕಿದ್ದಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಲಾರಿ ಮೆಕ್ಯಾನಿಕ್ ಅವನು. ದೆವ್ವದ ಮಾತು ಬಂದರೆ "ಬಾನೆಟ್ ಎತ್ತಿ ತೋರಿಸು, ನಂಬ್ತೀನಿ" ಅನ್ನುತ್ತಿದ್ದ ಆಸಾಮಿ. ಈಗ ಅವನ ಮುಂದೆ ಆ ಮಾತು ಎತ್ತಿ ನೋಡಿ, ಊಟದ ನಡುವೆಯೂ ಎದ್ದು ಹೋಗುತ್ತಾನೆ.

ಅವತ್ತು ಶೆಡ್ಡಿಗೆ ಬೀಗ ಹಾಕುವಾಗ ಬಹಳ ಹೊತ್ತಾಗಿತ್ತು. ಶೆಡ್ಡಿನ ಹಿಂದೆ ಒಂದು ಹಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಮನೆಗೆ ಹೋಗುವ ದಾರಿ ಅದನ್ನು ಸುತ್ತಿಕೊಂಡೇ ಹೋಗುತ್ತದೆ. ಕೈಯಲ್ಲಿ ಖಾಲಿ ಊಟದ ಡಬ್ಬಿ, ಅದರೊಳಗೆ ಚಮಚ... ಕಿಣಿ, ಕಿಣಿ, ಕಿಣಿ. ಬಾವಿ ದಾಟಿದ. ಆಗ ಕೇಳಿಸಿತು.

ಗುಡ್... ಗುಡ್... ಗುಡ್... ಟಕ್.

ನಿಂತ. ಡಬ್ಬಿಯನ್ನು ಎದೆಗೆ ಒತ್ತಿಕೊಂಡ, ಚಮಚ ಸುಮ್ಮನಾಯಿತು. ಶಬ್ದ ಬಾವಿಯಿಂದ ಬರುತ್ತಿದೆಯೇನೋ ಅಂತ ಜಾಲರಿಯ ಹತ್ತಿರ ಕಿವಿ ಇಟ್ಟ. ಅಲ್ಲಿಂದಲ್ಲ. ಶೆಡ್ಡಿನ ಗೋಡೆಯ ಆಚೆಯಿಂದ. ನಿಂತಲ್ಲೇ ನಿಂತ ಲಾರಿಯ ಎಂಜಿನ್ ಓಡುವ ಶಬ್ದ.

ಗುಡ್... ಗುಡ್... ಗುಡ್... ಟಕ್.

ಮೂರು ಸಲ ಸರಿಯಾಗಿ ಬಡಿದು ನಾಲ್ಕನೆಯದಕ್ಕೆ ಎಡವುವ ಎಂಜಿನ್ ಆ ಶೆಡ್ಡಿನಲ್ಲಿ ಒಂದೇ ಇತ್ತು. ತಾಯಿ ಮಗುವಿನ ಕೆಮ್ಮು ಗುರುತಿಸಿದ ಹಾಗೆ ಅವನು ಅದನ್ನು ಗುರುತಿಸುತ್ತಿದ್ದ. ಅದು ಭಾವನ ಲಾರಿ. ಅದರ ಬ್ಯಾಟರಿಗಳನ್ನು ಅವತ್ತು ಸಂಜೆ ಅವನೇ ಬಿಚ್ಚಿ ಚಾರ್ಜಿಗೆ ಹಾಕಿದ್ದ. ಕೀ ಅವನ ಜೇಬಿನಲ್ಲಿತ್ತು.

ಬೀಗ ತೆಗೆದು ಒಳಗೆ ಹೋದ. ಟಾರ್ಚ್ ಹಾಕಿದ. ಶಬ್ದ ನಿಂತುಹೋಯಿತು... ಯಾರೋ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗೆ ಕೊರೆಯುತ್ತಿತ್ತು. "ನಿದ್ದೆಗೆಟ್ಟರೆ ಹೀಗೇ" ಅಂತ ತನಗೆ ತಾನೇ ಗೊಣಗಿಕೊಂಡು ಹೊರಡುವವನು ಟಾರ್ಚ್ ಬೆಳಕಿನಲ್ಲಿ ಒಂದನ್ನು ನೋಡಿದ. ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಒಂದು ಬೆರಳು ಹೊರಗೆ ನಿಂತಿತ್ತು.

ಕಡ್ಡಿ ಹೊರಗಿದ್ದರೆ ಅದರಲ್ಲೇನು ಅನ್ನುತ್ತೀರಿ. ಹೇಳುತ್ತೇನೆ, ಕೇಳಿ.

ಭಾವ ಅಂದರೆ ಅವನ ಅಕ್ಕನ ಗಂಡ. ಅದೇ ಲಾರಿಯ ಡ್ರೈವರ್ ಆಗಿದ್ದವನು. ಅಪ್ಪ ಅಮ್ಮ ಇಲ್ಲದ ಇವನನ್ನು ಮನೆಗೆ ಕರೆತಂದು ಮಗನ ಹಾಗೆ ಸಾಕಿದವನು, ಶೆಡ್ಡಿಗೆ ಸೇರಿಸಿ ಕೈಗೆ ಸ್ಪ್ಯಾನರ್ ಕೊಡಿಸಿದವನು. ಭಾವ ದಿನಾ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲು ಕಡ್ಡಿ ಎಳೆದು ಆಯಿಲ್ ನೋಡುತ್ತಿದ್ದ. ಸರಿಯಿದ್ದರೆ ಕಡ್ಡಿಯನ್ನು ಪೂರ್ತಿ ಒಳಗೆ ತಳ್ಳುತ್ತಿದ್ದ. ಸರಿಯಿಲ್ಲದಿದ್ದರೆ ಒಂದು ಬೆರಳು ಹೊರಗೆ ಬಿಟ್ಟು ಚಹಾಕ್ಕೆ ಹೋಗುತ್ತಿದ್ದ. 'ನೀನು ನೋಡುವ ತನಕ ಕೀ ತಿರುಗಿಸುವುದಿಲ್ಲ' ಅಂತ ಅದರ ಅರ್ಥ. ಅದು ಭಾವ ಭಾವಮೈದುನರ ನಡುವಿನ ಏರ್ಪಾಟು. ಮೂರನೆಯವರಿಗೆ ಗೊತ್ತಿರಲಿಲ್ಲ.

ಒಂದು ಸಲ ಕಡ್ಡಿ ಹೊರಗೆ ನಿಂತಿತು. ಇವನು ಎಳೆದು ನೋಡಿದ. ಆಯಿಲ್, ಕಡ್ಡಿಯಲ್ಲಿ 'ಇಷ್ಟು ಸಾಕು' ಅನ್ನುವ ಮೇಲಿನ ಗೆರೆಯನ್ನೂ ದಾಟಿ ಏರಿತ್ತು.

"ಎಲ್ಲರ ಗಾಡಿ ಆಯಿಲ್ ಕುಡಿಯುತ್ತೆ, ನಿಮ್ಮದು ಹೆರುತ್ತೆ. ಬಾಣಂತನ ಯಾರು ಮಾಡ್ತಾರೆ?" ಅಂತ ನಗಾಡಿದ. ಭಾವನೂ ನಕ್ಕ. ಇವನು ಕೆಳಗಿನ ಬೋಲ್ಟ್ ಸಡಿಲಿಸಿ, ಹೆಚ್ಚಾದದ್ದನ್ನು ಡಬ್ಬಕ್ಕೆ ಇಳಿಸಿ, ಗೆರೆಗೆ ಸರಿ ಮಾಡಿ ಕಡ್ಡಿ ಒಳಗೆ ತಳ್ಳಿದ.

ಮುಂದಿನ ಟ್ರಿಪ್ಪಿನಿಂದ ಬಂದಾಗ ಮತ್ತೆ ಏರಿತ್ತು. ಮತ್ತೆ ಇಳಿಸಿದ. ಅದರ ಮುಂದಿನ ಸಲವೂ ಅಷ್ಟೇ. ಗೊತ್ತಿರಲಿಲ್ಲ ಅಂತಲ್ಲ. ಬೆರಳಲ್ಲಿ ಉಜ್ಜಿದರೆ ಆಯಿಲ್ ನೀರಾಗಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಎಲ್ಲೋ ಒಂದು ಕಡೆ ಡೀಸೆಲ್ ಸೋರಿ ಆಯಿಲ್ಲಿಗೆ ಸೇರುತ್ತಿದೆ. ಇಂಜೆಕ್ಟರ್ ಇರಬಹುದು, ಪಂಪಿನ ಸೀಲ್ ಇರಬಹುದು. ಹುಡುಕಬೇಕಾದರೆ ಎಂಜಿನ್ ಬಿಚ್ಚಬೇಕು. ಹೀಗೇ ಬಿಟ್ಟರೆ ಒಂದು ದಿನ ಎಂಜಿನ್ ಆ ತೆಳ್ಳಗಾದ ಆಯಿಲ್ಲನ್ನೇ ಒಳಗೆ ಎಳೆದು ಉರಿಸಿಕೊಂಡು ಓಡತೊಡಗುತ್ತದೆ. ಆಮೇಲೆ ಅದಕ್ಕೆ ಟ್ಯಾಂಕಿನ ಡೀಸೆಲ್ ಬೇಡ, ಕೀಯ ಮಾತೂ ಅದು ಕೇಳುವುದಿಲ್ಲ. ಇಷ್ಟೂ ಅವನಿಗೆ ಪಾಠದ ಹಾಗೆ ಗೊತ್ತಿತ್ತು.

ಆದರೆ ಆ ಬೆಳಿಗ್ಗೆ ಲಾರಿಗೆ ಸರಕು ತುಂಬಿಯಾಗಿತ್ತು. ಯಜಮಾನ ಗೇಟಿನಲ್ಲಿ ನಿಂತು ಕೂಗಾಡುತ್ತಿದ್ದ. ಕಡ್ಡಿ ಒಂದು ಬೆರಳು ಹೊರಗಿತ್ತು. ಇವನು ಆಯಿಲ್ ಇಳಿಸಿದ, ಒರೆಸಿದ, ಒಳಗೆ ತಳ್ಳಿದ. ಚಹಾ ಕುಡಿದು ಬಂದ ಭಾವ ಕೇಳಿದ:

"ಕಡ್ಡಿ ನೋಡಿದ್ಯಾ?"

"ನೋಡಿದೆ."

"ಸರಿಯಾಗಿದ್ಯಾ?"

"ಸರಿಯಾಗಿದೆ. ಹೋಗಿ ಬನ್ನಿ ಭಾವ. ಬಂದಮೇಲೆ ಬಿಚ್ಚಿ ನೋಡೋಣ."

ಬರಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ತನ್ನಷ್ಟಕ್ಕೆ ತಾನೇ ಕಿರುಚಿಕೊಂಡು ಓಡಿತಂತೆ. ಹಿಂದೆ ಬರುತ್ತಿದ್ದವರಿಗೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ಬ್ರೇಕು ಎಷ್ಟು ಹೊತ್ತು ತಡೆದೀತು? ಲಾರಿ ತಿರುವಿನಲ್ಲಿ ಬಂಡೆಗೆ ಬಡಿಯಿತು. ಭಾವನನ್ನು ಹೊರಗೆ ತೆಗೆದಾಗ ಕೀ ಅವನ ಮುಷ್ಟಿಯಲ್ಲಿತ್ತು. ಕಿತ್ತು ಕೈಯಲ್ಲಿ ಹಿಡಿದಿದ್ದ, ಪಾಪ... ಎಂಜಿನ್ ಮಾತ್ರ ಆಮೇಲೂ ಓಡುತ್ತಲೇ ಇತ್ತಂತೆ. ನೋಡಿದವರಿಗೆ ಯಾರಿಗೂ ಇದು ಅರ್ಥವಾಗಲಿಲ್ಲ. ಅರ್ಥವಾದವನು ಒಬ್ಬನೇ. ಅವನು ಎಲ್ಲರಿಗೂ "ಬ್ರೇಕ್ ಫೇಲು" ಅಂದ. ಅಕ್ಕನಿಗೂ ಹಾಗೇ ಅಂದ.

ಯಜಮಾನ ಲಾರಿಯನ್ನು ಎಳೆಸಿಕೊಂಡು ಬಂದು, ಕ್ಯಾಬಿನ್ ಬಡಿಸಿ ನೆಟ್ಟಗೆ ಮಾಡಿಸಿ, ಎಂಜಿನ್ ಕೆಲಸ ಇವನಿಗೇ ಕೊಟ್ಟ. ಬೇಡ ಅನ್ನಬಹುದಿತ್ತು. ಬೇರೆಯವರು ಬಿಚ್ಚಿದರೆ ಒಳಗಿನದು ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ಒಪ್ಪಿಕೊಂಡ. ಇಂಜೆಕ್ಟರ್ ಹೊಸದು, ಪಂಪ್ ಹೊಸದು, ಪಿಸ್ಟನ್ನು ಬೇರಿಂಗು ಎಲ್ಲ ಹೊಸದು. ಹೊಸ ಡ್ರೈವರೂ ಸಿಕ್ಕಿದ್ದ, ಬಾಯಿ ತುಂಬ ಮಾತಾಡುವವನು. ಕ್ಯಾಬಿನ್ನಿಗೆ ಆಗಲೇ ತನ್ನ ಮಕ್ಕಳ ಫೋಟೋ ಅಂಟಿಸಿಕೊಂಡಿದ್ದ. ಆದರೆ ಎಂಜಿನ್ ಓಡಿಸಿ ನೋಡಿದಾಗ ಆ 'ಟಕ್' ಹೋಗಿರಲಿಲ್ಲ. ಆಯಿಲ್ ಮತ್ತೆ ಏರುತ್ತಿತ್ತು. ಆ ರಾತ್ರಿ ಕಳೆದರೆ ಬೆಳಿಗ್ಗೆ ಲಾರಿ ಹೊರಡಬೇಕಿತ್ತು.

ಈಗ ಆ ರಾತ್ರಿಗೆ ಬನ್ನಿ. ತಣ್ಣಗಿನ ಎಂಜಿನ್. ಒಂದು ಬೆರಳು ಹೊರಗಿನ ಕಡ್ಡಿ. ಅವನೇ ಸಂಜೆ ಪೂರ್ತಿ ಒಳಗೆ ತಳ್ಳಿದ್ದು.

ಅವನು ಮನೆಗೆ ಓಡಲಿಲ್ಲ. ಹಾಳು ಮೆಕ್ಯಾನಿಕ್ ಬುದ್ಧಿ. ಡೀಸೆಲ್ ಬರುವ ಪೈಪನ್ನೇ ಕಳಚಿದ. ಟ್ಯಾಂಕ್ ಖಾಲಿ ಮಾಡಿದ. ಹಳೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿದ, ಗೆರೆಗೆ ಸರಿಯಾಗಿ. ಕಡ್ಡಿ ಒಳಗೆ ತಳ್ಳಿದ. ಇನ್ನು ಏರಲು ಡೀಸೆಲ್ ಎಲ್ಲಿಂದ ಬರಬೇಕು? ನೋಡಿಯೇ ಬಿಡೋಣ ಅಂತ ಹಳೆ ಟೈರಿನ ಮೇಲೆ ಕೂತು ಟಾರ್ಚ್ ಆರಿಸಿದ.

ಬಹಳ ಹೊತ್ತು ಏನೂ ಇಲ್ಲ... ತಗಡಿನ ಮಾಡು ತಣಿದು ಟಿಣ್ ಅಂದಿತು. ಇಲಿಯೊಂದು ಡಬ್ಬದ ಹಿಂದೆ ಪರಪರ ಅಂದು ಸುಮ್ಮನಾಯಿತು. ಕಣ್ಣು ಎಳೆಯುತ್ತಿತ್ತು.

ತೊಟ್.

ಎಂಜಿನ್ನಿನ ಒಳಗೆ.

ತೊಟ್... ತೊಟ್...

ಆಮೇಲೆ ಕ್ಯಾಬಿನ್ನಿನ ಸೀಟು. ಯಾರಾದರೂ ಭಾರ ಬಿಟ್ಟು ಕೂತಾಗ ಸ್ಪ್ರಿಂಗ್ ಅನ್ನುತ್ತದಲ್ಲ... ಕಿರ್ರ್ರ್. ಅಷ್ಟು ಎತ್ತರದಿಂದ, ಬಗ್ಗಿ ಕೇಳಿದ ಹಾಗೆ, ಪಿಸುಮಾತಿನಲ್ಲಿ:

"ಕಡ್ಡಿ ನೋಡಿದ್ಯಾ?"

ಸಿಟ್ಟಿನ ದನಿ ಆಗಿದ್ದರೆ ಓಡಿಬಿಡುತ್ತಿದ್ದನಂತೆ. ಸಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಕೇಳುವ ಹಾಗೇ ಇತ್ತು.

"ನೋಡಿದೆ..."

"ಸರಿಯಾಗಿದ್ಯಾ?"

ತೊಟ್... ತೊಟ್...

ಬಾಯಿಗೆ ಬಂದದ್ದು ಹಳೆಯ ಉತ್ತರವೇ. ನುಂಗಿಕೊಂಡ.

"ಇಲ್ಲ ಭಾವ. ಸರಿಯಿಲ್ಲ. ಅವತ್ತೂ ಸರಿಯಿರಲಿಲ್ಲ."

ತೊಟ್ಟಿಕ್ಕುವುದು ನಿಂತಿತು. ಸೀಟಿನ ಸ್ಪ್ರಿಂಗ್ ಇನ್ನೊಂದು ಸಲ ಕಿರ್ರ್ ಅಂದಿತು. ಆಮೇಲೆ ಏನೂ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಕಡ್ಡಿ ಒಂದು ಬೆರಳು ಹೊರಗಿತ್ತು. ಎಳೆದ. ಆಯಿಲ್ ಗೆರೆ ದಾಟಿತ್ತು. ಮೂಗಿಗೆ ಹಿಡಿದ. ಡೀಸೆಲ್.

ಮನೆಗೆ ಬಂದಾಗ ಅಕ್ಕ ಎಚ್ಚರವಾಗಿದ್ದಳು. ತಟ್ಟೆ ಹಾಕಿ ಕಾದಿದ್ದಳು. ಗಂಡ ಸತ್ತ ಮೇಲೂ ಒಂದು ದಿನ ಅವಳು ಇವನ ತಟ್ಟೆ ತಪ್ಪಿಸಿರಲಿಲ್ಲ. ಅವನು ಕೈ ತೊಳೆಯದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಆಯಿಲ್ ಏರುತ್ತಿದ್ದದ್ದು, ತಾನು ಇಳಿಸಿ ಇಳಿಸಿ ಕಳಿಸಿದ್ದು, ಬ್ರೇಕು ಅಂದದ್ದು ಸುಳ್ಳು ಅಂತ.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಹಿಂದಿನ ರಾತ್ರಿ ನಂಗೆ ಹೇಳಿದ್ರು," ಅಂದಳು. "ಆಯಿಲ್ ಏರ್ತಾ ಇದೆ, ಯಾಕೋ ಮನಸ್ಸಿಗೆ ಸರಿ ಕಾಣ್ತಿಲ್ಲ ಅಂದ್ರು. ಹಾಗಾದ್ರೆ ಹೋಗಬೇಡಿ ಅಂದೆ."

"ಅಕ್ಕಾ..."

"ಅದಕ್ಕೆ ಏನಂದ್ರು ಗೊತ್ತಾ? ನಿನ್ನ ತಮ್ಮ ನೋಡ್ತಾನೆ ಕಣೇ, ಅವನು ಸರಿ ಅಂದ್ರೆ ಸರಿ ಅಂದ್ರು."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅನ್ನವನ್ನು ಪಾತ್ರೆಗೆ ವಾಪಸ್ ಸುರಿದದ್ದು ಅವನಿಗೆ ಕೇಳಿಸಿತು. ಅವತ್ತಿನಿಂದ ಇಬ್ಬರೂ ಒಂದೇ ಸೂರಿನಡಿ ಬೇರೆ ಬೇರೆ ಬೇಯಿಸಿಕೊಳ್ಳುತ್ತಾರೆ. ಅವಳಿಗೂ ಹೋಗಲು ಬೇರೆ ಮನೆಯಿಲ್ಲ, ಇವನಿಗೂ ಇಲ್ಲ.

ಬೆಳಿಗ್ಗೆ ಅವನು ಲಾರಿ ಬಿಡುವುದಿಲ್ಲ ಅಂತ ಗೇಟಿಗೆ ಅಡ್ಡ ನಿಂತ. ಯಜಮಾನ ಬಾಯಿಗೆ ಬಂದದ್ದೆಲ್ಲ ಬೈದು, ಬೇರೆ ಶೆಡ್ಡಿನಿಂದ ಒಬ್ಬ ಮುದುಕ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಎಂಜಿನ್ನಿನ ಹೆಡ್, ಅಂದರೆ ಮೇಲಿನ ಮುಚ್ಚಳ, ಕಳಚಿ, ಬಿಸಿ ಮಾಡಿ, ಬೆಳಕಿಗೆ ಹಿಡಿದು ತೋರಿಸಿದ. ಒಳಗೆ ಡೀಸೆಲ್ ಹರಿಯುವ ದಾರಿಯಲ್ಲಿ ಕೂದಲೆಳೆಯಂಥ ಒಂದು ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಳ್ಳುತ್ತದೆ, ಬಿಸಿಯಾದರೆ ಬಾಯಿ ಬಿಡುತ್ತದೆ. "ಮೊದಲನೇ ದಿನವೇ ಬಿಚ್ಚಿದ್ದರೆ ಸಿಕ್ತಿತ್ತಲ್ಲಪ್ಪಾ" ಅಂದ. ಹೊಸ ಹೆಡ್ ಹಾಕಿದರು. ಆ ಮಾತುಗಾರ ಡ್ರೈವರ್ ಇವತ್ತಿಗೂ ಅದೇ ಲಾರಿ ಓಡಿಸುತ್ತಾನೆ. ಆಯಿಲ್ ಗೆರೆ ಬಿಟ್ಟು ಮೇಲೆ ಹೋಗಿಲ್ಲ, ಕಡ್ಡಿ ಹೊರಗೆ ಬಂದಿಲ್ಲ.

'ನೋಡಿದ್ಯಾ, ಬರೀ ಬಿರುಕು, ದೆವ್ವ ಎಲ್ಲಿ ಬಂತು' ಅನ್ನುತ್ತೀರಿ. ಸರಿ ಸ್ವಾಮಿ. ಟ್ಯಾಂಕ್ ಖಾಲಿ, ಪೈಪ್ ಕಳಚಿದೆ, ಎಂಜಿನ್ ಕಲ್ಲಿನ ಹಾಗೆ ತಣ್ಣಗಿದೆ. ಆ ರಾತ್ರಿ ಬಿರುಕಿನಿಂದ ಸೋರಿದ ಡೀಸೆಲ್ ಎಲ್ಲಿಯದು? ಹೇಳಿ.

ಅದೂ ಹೋಗಲಿ. ಹೋದ ಬೇಸಿಗೆಯಲ್ಲಿ ನಾನು ಆ ಮನೆಗೆ ಹೋಗಿದ್ದೆ. ಅವನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಕಬ್ಬಿಣದ ಚಿಲಕ. ಬಿಗಿ, ತುಕ್ಕು ಹಿಡಿದದ್ದು. ತಳ್ಳಿದರೆ ಕರಕ್ ಅನ್ನುತ್ತದೆ. ದೀಪ ಆರಿಸುವ ಮೊದಲು ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನೀನೇ ಹಾಕು. ಪೂರ್ತಿ ತಳ್ಳು." ಯಾಕೆ ಅಂತ ಕೇಳಲಿಲ್ಲ ನಾನು. ಎರಡೂ ಕೈಯಲ್ಲಿ ಒತ್ತಿ, ಕೊನೆ ಮುಟ್ಟುವ ತನಕ ತಳ್ಳಿದೆ. ರಾತ್ರಿಯಿಡೀ ಕರಕ್ ಅಂದದ್ದು ಕೇಳಲಿಲ್ಲ. ನನ್ನ ನಿದ್ದೆ ಕೋಳಿ ನಿದ್ದೆ, ಮನೆಯವರನ್ನು ಕೇಳಿ.

ಬೆಳಿಗ್ಗೆ ಅವನು ಗೋಡೆಗೆ ಒರಗಿ ಕೂತು ಬಾಗಿಲನ್ನೇ ನೋಡುತ್ತಿದ್ದ. "ದಿನಾ ಹೀಗೇ" ಅಂದ.

ನಾನು ಎದ್ದು ಹೋಗಿ ನೋಡಿದೆ. ಈ ಕಣ್ಣಲ್ಲೇ ನೋಡಿದೆ, ಈ ಕೈಯಲ್ಲೇ ಅಳೆದೆ. ಚಿಲಕ ಒಂದು ಬೆರಳು ಹೊರಗಿತ್ತು.