ಎಡಗಾಲು ಮುಕ್ಕಾಲು

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ‘ಎರಡೇ ನಿಮಿಷ ಮಾತಾಡಿ’ ಎಂದು ಬೆಳಗಿನಿಂದ ನನಗೆ ಮೂರು ಸಲ ಹೇಳಿರುವ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳೇ, ಶಿಕ್ಷಕರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ತಂದೆತಾಯಂದಿರೇ, ನನ್ನ ಅಳತೆ ಟೇಪಿನಿಂದ ಇದುವರೆಗೆ ತಪ್ಪಿಸಿಕೊಳ್ಳಲಾಗದ ಮುದ್ದು ಮಕ್ಕಳೇ, ಸಭಿಕರೇ,

ಮೈಕಿನ ಮುಂದೆ ನಿಂತದ್ದು ಜನ್ಮದಲ್ಲಿ ಇದೇ ಮೊದಲು. ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದೇನೆ, ನಿಜ. ಹೆದರಿ ಅಲ್ಲ, ಖುಷಿಗೆ! ಹದಿನೆಂಟು ವರ್ಷದಿಂದ ಈ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೇನೆ. ವಾರ್ಷಿಕೋತ್ಸವದ ನಾಟಕಕ್ಕೆ ರಾಜನ ಅಂಗಿ, ಕರಡಿಯ ಚರ್ಮ, ಚಂದ್ರನ ಟೋಪಿ, ಎಲ್ಲ ನನ್ನ ಮಿಷನ್ನಿನ ಕೆಳಗೇ ಹಾದುಹೋಗಿವೆ. ನಿಮ್ಮಲ್ಲಿ ಎಷ್ಟೋ ಜನರ ಮುಖ ನನಗೆ ನೆನಪಿಲ್ಲ, ಬೆನ್ನು ನೆನಪಿದೆ. ಯಾರ ಭುಜ ಇಳಿಜಾರು, ಯಾರ ಕತ್ತು ಗಿಡ್ಡ, ಯಾರು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ಎಲ್ಲ ಗೊತ್ತು. ಅಧ್ಯಕ್ಷರೇ, ತಾವು ಇಲ್ಲಿ ಓದಿದವರಲ್ಲ, ಆದರೂ ಹೇಳಿಬಿಡುತ್ತೇನೆ, ತಮ್ಮ ಕೋಟಿನ ಬಲತೋಳು ಉದ್ದವಾಗಿದೆ. ನಾಳೆ ಅಂಗಡಿ ಕಡೆ ಬನ್ನಿ.

ನಗಿ, ನಗಿ. ನೀವು ನಕ್ಕರೆ ನನಗೂ ಧೈರ್ಯ ಬರುತ್ತದೆ. ಏಕೆಂದರೆ ಇನ್ನು ಮುಂದೆ ಹೇಳುವುದಕ್ಕೆ ಧೈರ್ಯ ಬೇಕು.

ನನ್ನ ಮಾತು ಮುಗಿದ ಕೂಡಲೇ ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದೇ ವೇದಿಕೆಯ ಮೇಲೆ ಒಬ್ಬಳೇ ನೃತ್ಯ ಮಾಡುತ್ತಾಳೆ. ಕಳೆದ ವರ್ಷವೂ ಅವಳು ಮಾಡಬೇಕಿತ್ತು. ಪಟ್ಟಿಯಲ್ಲಿ ಹೆಸರಿತ್ತು, ಉಡುಪು ಸಿದ್ಧವಾಗಿತ್ತು, ಅವಳು ಬರಲಿಲ್ಲ. ಬರದ ಹಾಗೆ ಮಾಡಿದವಳು ಅವಳದೇ ತರಗತಿಯ ನನ್ನ ಮಗಳು. ಹಾಗೆ ಮಾಡಲು ಬೇಕಾದ ಮಾತನ್ನು ನನ್ನ ಮಗಳ ಬಾಯಿಗೆ ಕೊಟ್ಟವಳು ನಾನು. ಆ ಹುಡುಗಿ ಇಲ್ಲಿಗೆ ಬರುವ ಮೊದಲು ಇಷ್ಟನ್ನು ನಿಮ್ಮೆಲ್ಲರ ಎದುರು ಹೇಳಲೇಬೇಕು. ಅವಳ ಒಪ್ಪಿಗೆ ಕೇಳಿದ್ದೇನೆ. ಅವಳು ಒಂದು ಷರತ್ತು ಹಾಕಿದಳು: ‘ಹೇಳಿ ಆಂಟಿ. ಆದ್ರೆ ಒಂದ್ಸಲಾನೂ ಪಾಪ ಅನ್ನಬಾರ್ದು.’ ಅನ್ನುವುದಿಲ್ಲ. ಬಾಯಿ ತಪ್ಪಿ ಬಂದರೆ ನೀವೇ ಕೆಮ್ಮಿ ಎಚ್ಚರಿಸಿ.

ಈಗ ನನ್ನ ಅಳತೆ ಪುಸ್ತಕದ ವಿಷಯ. ಉದ್ದನೆಯ ಪುಸ್ತಕ, ಹಾಳೆಗೊಬ್ಬರು. ಎದೆ ಎಷ್ಟು, ಸೊಂಟ ಎಷ್ಟು, ತೋಳು ಎಷ್ಟು, ಪಕ್ಕದಲ್ಲಿ ನನಗೆ ಮಾತ್ರ ತಿಳಿಯುವ ಒಂದೆರಡು ಪದ. ಆ ಹುಡುಗಿ ಒಂದನೇ ತರಗತಿಗೆ ಸೇರಿದಾಗ ಅವಳಮ್ಮ ಅಂಗಡಿಗೆ ಕರೆದುಕೊಂಡು ಬಂದು, ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದ್ದರು. ಹುಟ್ಟಿನಿಂದಲೇ ಎಡಗಾಲು ಸ್ವಲ್ಪ ಗಿಡ್ಡ. ಪ್ಯಾಂಟಿನ ಎರಡೂ ಕಾಲು ಒಂದೇ ಉದ್ದ ಹೊಲಿದರೆ ಎಡಗಡೆಯದು ನೆಲಕ್ಕೆ ತಾಗುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ನಾನು ಎಡಗಡೆ ಕಡಿಮೆ ಮಾಡಿ ಹೊಲಿದೆ. ಪ್ರತಿ ವರ್ಷ ಹೊಸ ಅಳತೆ, ಪ್ರತಿ ವರ್ಷ ಹೊಸ ಲೆಕ್ಕ. ಎಂಟು ವರ್ಷ ಈ ಶಾಲೆಯಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ! ಹೇಳಿ, ಅದು ಸಣ್ಣ ಕೆಲಸವೇ? ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಹತ್ತಿರ ನಿಂತು ಆ ಅಂಚುಗಳನ್ನೇ ನೋಡುತ್ತಿದ್ದೆ.

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ವ್ಯತ್ಯಾಸ ಮುಕ್ಕಾಲು ಇಂಚಿಗೆ ಬಂತು. ಪುಸ್ತಕದಲ್ಲಿ ಬರೆದುಕೊಂಡೆ: ‘ಎಡಗಾಲು, ಮುಕ್ಕಾಲು ಕಡಿಮೆ.’

ನೋಡಿ, ಅಲ್ಲಿ ಯಾರೋ ಕಿಸಕ್ಕೆಂದರು. ಎಡಗಾಲು ಮುಕ್ಕಾಲು! ಕೇಳಲು ತಮಾಷೆಯಾಗಿಯೇ ಇದೆ. ನಡೆಯುವ ಕಾಲಿಗೂ ಕಾಲು ಎನ್ನುತ್ತೇವೆ, ನಾಲ್ಕರಲ್ಲೊಂದು ಪಾಲಿಗೂ ಕಾಲು ಎನ್ನುತ್ತೇವೆ. ತಪ್ಪು ತಿಳಿಯಬೇಡಿ, ನಾನು ಬೈಯುತ್ತಿಲ್ಲ. ಬರೆಯುವಾಗ ನನಗೂ ನಗು ಬಂದಿತ್ತು. ಇದನ್ನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು, ಹೇಳಿದೆ. ಪೆನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬಳೇ ನಕ್ಕಿದ್ದೆ. ಎದುರು ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದ ಮಗಳು ‘ಏನಮ್ಮಾ?’ ಅಂದಳು. ‘ಏನಿಲ್ಲ, ನಿನ್ನ ಕೆಲಸ ನೋಡು’ ಅಂದೆ. ಅವಳು ನೋಡಿದ್ದು ಅವಳ ಕೆಲಸವನ್ನಲ್ಲ, ನನ್ನ ಪುಸ್ತಕವನ್ನು.

ನನ್ನ ಮಗಳ ವಿಷಯವನ್ನೂ ಹೇಳಬೇಕಲ್ಲವೇ? ಏಳನೇ ತರಗತಿಯಲ್ಲಿ ಅವಳನ್ನು ‘ಚಿಂದಿ’ ಎಂದು ಕರೆಯುತ್ತಿದ್ದರು. ಉಳಿದ ತುಂಡು ಬಟ್ಟೆಗಳಲ್ಲಿ ನಾನು ಅವಳಿಗೆ ಪೆನ್ಸಿಲ್ ಚೀಲ ಹೊಲಿದುಕೊಟ್ಟಿದ್ದೆ, ಅದಕ್ಕೆ. ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಎರಡು ವರ್ಷ! ಒಂಬತ್ತನೇ ತರಗತಿಯಲ್ಲಿ ಒಂದು ದಿನ ನೋಡುತ್ತೇನೆ, ಮೂವರು ಹುಡುಗಿಯರ ಹೆಗಲ ಮೇಲೆ ಕೈ ಹಾಕಿಕೊಂಡು ಮಗಳು ಅಂಗಡಿಗೆ ಬಂದಳು. ಸಭಿಕರೇ, ನಾನು ಕುಣಿಯುವುದೊಂದು ಬಾಕಿ. ನಾಲ್ವರಿಗೂ ಒಂದೇ ಬಣ್ಣದ ಕೈಚೀಲ ಹೊಲಿದುಕೊಟ್ಟೆ. ತಿಂಡಿ ತರಿಸಿಕೊಟ್ಟೆ. ಒಂದೇ ಸಮನೆ ನಗುತ್ತಿದ್ದರು. ‘ಮುಕ್ಕಾಲು ಇವತ್ತು ಮೆಟ್ಟಿಲು ಹತ್ತಿದ್ದು ನೋಡಿದ್ಯೇನೇ?’ ಎಂದು ಒಬ್ಬಳು, ‘ಮುಕ್ಕಾಲಿಗೆ ಇನ್ನು ಕಾಲು ಸೇರಿಸಿದ್ರೆ ಒಂದಾಗತ್ತೆ’ ಎಂದು ಇನ್ನೊಬ್ಬಳು. ಯಾರ ವಿಷಯವೋ ಏನೋ ಎಂದುಕೊಂಡು ನಾನೂ ಅವರ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಕ್ಕೆ. ಇದನ್ನಂತೂ ಬರೆದುಕೊಂಡೇ ಬಂದಿದ್ದೇನೆ.

ಆ ಒಂದು ಪದ ಶಾಲೆಯಲ್ಲಿ ಎಲ್ಲೆಲ್ಲಿ ಓಡಾಡಿತು ಬಲ್ಲಿರಾ? ಗಂಟೆ ಎಷ್ಟು ಎಂದರೆ ‘ಎಂಟೂ ಮುಕ್ಕಾಲು’ ಎಂದು ಕೂಗಿ ಅವಳ ಕಡೆ ನೋಡುವುದು. ಬಾಟಲಿಯಲ್ಲಿ ನೀರೆಷ್ಟಿದೆ ಎಂದರೆ ‘ಮುಕ್ಕಾಲು’ ಎಂದು ಬಿದ್ದು ಬಿದ್ದು ನಗುವುದು. ಲೆಕ್ಕದ ಮೇಷ್ಟ್ರೇ, ಅಲ್ಲೇ ಕೂತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಭಿನ್ನರಾಶಿ ಕಲಿಸುವಾಗ ಮಕ್ಕಳು ಇಷ್ಟು ಖುಷಿಪಡುತ್ತಾರಲ್ಲ ಎಂದು ನೀವು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿರಂತೆ. ಅವರು ನಕ್ಕಿದ್ದು ನಿಮ್ಮ ಪಾಠಕ್ಕಲ್ಲ. ಒಬ್ಬರೂ ಅವಳನ್ನು ಹೊಡೆದಿಲ್ಲ, ತಳ್ಳಿಲ್ಲ, ಪುಸ್ತಕ ಹರಿದಿಲ್ಲ. ಒಂದು ಬೈಗುಳ ಇಲ್ಲ. ದೂರು ಕೊಡಬೇಕೆಂದರೂ ಏನೆಂದು ಕೊಡುತ್ತಾಳೆ? ನನ್ನೆದುರು ಗಂಟೆ ಹೇಳಿದರು ಎಂದೇ?

ಅವಳು ಮೊದಲು ಆಟದ ಪೀರಿಯಡ್ ಬಿಟ್ಟಳು. ಆಮೇಲೆ ನೃತ್ಯ ಬಿಟ್ಟಳು. ಆಮೇಲೆ ವಾರದಲ್ಲಿ ಎರಡು ದಿನ ಶಾಲೆಯನ್ನೇ ಬಿಟ್ಟಳು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿ, ಇದಕ್ಕೆ ನನ್ನ ಮಗಳೇ ಕಾರಣ ಎಂದರು, ಯಾವ ಮಾತಿನಿಂದ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಮೇಡಂ, ಆ ದಿನ ನಾನು ನಿಮ್ಮ ಮೇಜು ಗುದ್ದಿದ್ದು ನೆನಪಿದೆಯಲ್ಲ? ‘ನನ್ನ ಮಗಳು ಇರುವೆ ಕಂಡ್ರೂ ದಾರಿ ಬಿಡ್ತಾಳೆ. ಅವಳನ್ನ ಎರಡು ವರ್ಷ ಚಿಂದಿ ಅಂದ್ರಲ್ಲ, ಆಗ ಯಾರನ್ನ ಕರೆಸಿದ್ರಿ?’ ಎಂದು ಕೂಗಾಡಿ, ಬಾಗಿಲು ದಡಾರನೆ ಹಾಕಿಕೊಂಡು ಬಂದಿದ್ದೆ. ಮಗಳು ಅಳುತ್ತಾ ಮನೆಗೆ ಬಂದರೆ ತಾಯಿ ತಲೆ ಎತ್ತಿಕೊಂಡು ಶಾಲೆಗೆ ಬರಬಹುದು. ಇನ್ನೊಬ್ಬಳನ್ನು ಅಳಿಸಿ ನಗುತ್ತಾ ಬಂದರೆ ಆ ತಾಯಿ ಎಲ್ಲಿಗೆ ಹೋಗಬೇಕು? ನನಗೆ ಗೊತ್ತಿರಲಿಲ್ಲ. ಅದಕ್ಕೇ ಕೂಗಾಡಿದೆ.

ಅದಾಗಿ ಒಂದು ವಾರ. ಅಂಗಡಿಯಲ್ಲಿ ಬ್ಯಾಂಕಿನ ಮೇಡಂ ಒಬ್ಬರ ಅಳತೆ ತೆಗೆಯುತ್ತಿದ್ದೆ. ಆ ಹುಡುಗಿ ಅವಳಮ್ಮನ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದಳು, ಸಮವಸ್ತ್ರ ಸಡಿಲ ಮಾಡಿಸಲು. ಬ್ಯಾಂಕಿನ ಮೇಡಂ ತೋಳು ಎಲ್ಲಿಯವರೆಗೆ ಬರಬೇಕೆಂದು ಯೋಚಿಸುತ್ತಿದ್ದರು. ನಾನು ಎಂದಿನ ಹಾಗೆ ಗಟ್ಟಿಯಾಗಿ ಅಂದೆ, ‘ಮುಕ್ಕಾಲು ಇರ್ಲಿ ಮೇಡಂ, ಮುಕ್ಕಾಲೇ ಚಂದ.’

ಹುಡುಗಿ ಎದ್ದು ನಿಂತಳು. ನನ್ನ ಮುಖವನ್ನೇ ನೋಡಿದಳು. ‘ನೀವೂನಾ ಆಂಟಿ?’ ಅಂದಳು.

ಅಷ್ಟೇ. ಅಳಲಿಲ್ಲ. ಚೀಲ ತೆಗೆದುಕೊಂಡು ರಸ್ತೆಗಿಳಿದಳು. ಅವಳಮ್ಮ ಹಿಂದೆ ಓಡಿದರು. ಟೇಪು ಬ್ಯಾಂಕಿನ ಮೇಡಂ ತೋಳಿನಲ್ಲೇ ಬಿಟ್ಟು ಅಳತೆ ಪುಸ್ತಕ ತೆಗೆದೆ. ಆ ಹುಡುಗಿಯ ಹಾಳೆಯ ಮೂಲೆ ಮಡಚಿತ್ತು. ನಾನು ಮೂಲೆ ಮಡಚುವವಳಲ್ಲ.

ಸಂಜೆ ಮಗಳ ಮುಂದೆ ಪುಸ್ತಕ ಹಿಡಿದೆ. ಅವಳು ಮೊದಲು ಇಲ್ಲವೆಂದಳು, ಆಮೇಲೆ ಒಮ್ಮೆಲೇ ಸಿಡಿದಳು. ‘ನಾನೇನು ಹೊಸದಾಗಿ ಕಟ್ಟಿದ್ನಾ? ನೀನೇ ಬರ್ದಿದ್ದೀಯ! ನೀನೇ ನಕ್ಕಿದ್ದೀಯ! ಅವ್ರ ಹತ್ರ ಹೇಳೋಕೆ ನನ್ಹತ್ರ ಬೇರೆ ಏನಿತ್ತಮ್ಮಾ? ಅದನ್ನ ಹೇಳಿದ್ಮೇಲೇ ನನ್ನ ಪಕ್ಕ ಕೂರಿಸ್ಕೊಂಡಿದ್ದು!’ ಕೈ ಎತ್ತಿದ್ದೆ, ಸಭಿಕರೇ. ಹೊಡೆಯಲಾಗಲಿಲ್ಲ. ಯಾರಿಗೆಂದು ಹೊಡೆಯಲಿ? ಇಬ್ಬರೂ ಕಟಿಂಗ್ ಟೇಬಲ್ಲಿನ ಕೆಳಗೆ, ತುಂಡು ಬಟ್ಟೆಗಳ ನಡುವೆ ಕೂತು ಅತ್ತೆವು.

ಮರುದಿನ ಇಬ್ಬರೂ ಅವರ ಮನೆಗೆ ಹೋದೆವು. ನಾನು ಮಾತು ಶುರು ಮಾಡುವಷ್ಟರಲ್ಲಿ ಅವಳಮ್ಮ ತಡೆದರು. ‘ಎಂಟು ವರ್ಷ ನಿಮ್ಮನ್ನ ನಂಬಿದ್ದೆ’ ಎಂದರು. ಮಗಳು ಹೇಗೋ ‘ತಪ್ಪಾಯ್ತು ಕಣೇ’ ಅಂದಳು. ಹುಡುಗಿ ತನ್ನ ಪುಸ್ತಕ ಮುಚ್ಚಿಟ್ಟಳು. ಆಮೇಲೆ ಅಂದಳು, ‘ಕೇಳಿಸ್ತು. ಆದ್ರೆ ಪರವಾಗಿಲ್ಲ ಅನ್ನೋಕೆ ನಂಗೆ ಬರ್ತಿಲ್ಲ.’ ಇವತ್ತಿಗೂ ಅಂದಿಲ್ಲ. ನನ್ನ ಮಗಳು ತರಗತಿಯಲ್ಲಿ ಆ ಪದ ಹೇಳಿದವರಿಗೆಲ್ಲ ಎದುರು ನಿಂತಳು. ಆ ಮೂವರು ಗೆಳತಿಯರೂ ಅವಳನ್ನು ಕೈಬಿಟ್ಟರು. ಮತ್ತೆ ಮೆಟ್ಟಿಲ ಮೇಲೆ ಒಬ್ಬಳೇ ಊಟ. ನಾನು ಅದನ್ನು ಸಹಿಸಿಕೊಂಡೆ. ಸಹಿಸಿಕೊಳ್ಳುವುದು ಸುಲಭ ಎಂದು ಯಾವ ತಾಯಿಯಾದರೂ ಹೇಳಲಿ ನೋಡೋಣ.

ಈಗ ಖುಷಿಯ ವಿಷಯ ಕೇಳಿ! ಒಂದೂವರೆ ತಿಂಗಳ ಹಿಂದೆ ಆ ಹುಡುಗಿ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ‘ಈ ವರ್ಷ ಡಾನ್ಸ್ ಮಾಡ್ತೀನಿ ಆಂಟಿ. ಪ್ಯಾಂಟ್ ಹೊಲೀಬೇಕು. ಎರಡೂ ಕಾಲು ಒಂದೇ ಉದ್ದ.’ ‘ಎಡಗಡೆ ನೆಲಕ್ಕೆ ತಾಗತ್ತಲ್ಲ ಕಂದಾ, ಎಲ್ರಿಗೂ ಕಾಣತ್ತೆ’ ಅಂದೆ. ‘ಕಾಣ್ಲಿ. ಮುಚ್ಚಿಟ್ಟಿದ್ರಿಂದ ತಾನೇ ಅವ್ರಿಗೆ ಮಜಾ ಬಂದಿದ್ದು?’ ಹದಿನೈದು ವರ್ಷದ ಹುಡುಗಿ! ನನ್ನ ಹದಿನೆಂಟು ವರ್ಷದ ಕಸುಬನ್ನು ಬಿಚ್ಚಿ ಕೈಗಿಟ್ಟಳು. ಸಭಿಕರೇ, ನೆಟ್ಟಗೆ ಎರಡು ಸಮ ಕಾಲು ಹೊಲಿಯಲು ನಾನು ಮೂರು ಸಲ ಬಿಚ್ಚಿದೆ. ಕೈ ತನ್ನಷ್ಟಕ್ಕೇ ಎಡಗಡೆ ಕತ್ತರಿಸಲು ಹೋಗುತ್ತಿತ್ತು.

ನಿನ್ನೆ ಅಭ್ಯಾಸ ನೋಡಲು ಬಂದಿದ್ದೆ. ನೃತ್ಯದ ಮೇಡಂ ‘ಅರ್ಧ ಸುತ್ತು ತಿರುಗಿ, ಆಮೇಲೆ ಇನ್ನೂ ಸ್ವಲ್ಪ, ಇನ್ನೊಂಚೂರು’ ಎಂದು ಒದ್ದಾಡುತ್ತಿದ್ದರು. ಹುಡುಗಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಮುಕ್ಕಾಲು ಸುತ್ತು ಅನ್ನಿ ಮೇಡಂ, ಅದು ಲೆಕ್ಕದ ಪದ’ ಅಂದಳು. ಅಲ್ಲಿದ್ದ ಮಕ್ಕಳೆಲ್ಲ ತಟ್ಟನೆ ಅವಳ ಕಡೆ ತಿರುಗಿದರು. ಅವಳು ಸುತ್ತು ತಿರುಗಿದಳು ನೋಡಿ! ಇನ್ನು ಸ್ವಲ್ಪ ಹೊತ್ತಿಗೆ ನೀವೂ ನೋಡುತ್ತೀರಿ. ಎಡಗಡೆಯ ಅಂಚು ನೆಲ ಗುಡಿಸುತ್ತದೆ, ನಿಮ್ಮ ಕಣ್ಣು ಅಲ್ಲಿಗೆ ಹೋಗುತ್ತದೆ, ಹೋಗಲಿ ಬಿಡಿ, ಒಂದು ಕ್ಷಣ ಅಷ್ಟೇ. ಆಮೇಲೆ ಅವಳ ಮುಖ ಬಿಟ್ಟು ಬೇರೆ ಕಡೆ ನೋಡಿದರೆ ನನ್ನನ್ನು ಕೇಳಿ.

ನನ್ನ ಮಗಳು ಇವತ್ತು ಬರುವುದಿಲ್ಲ ಎಂದಳು. ‘ನೀನು ಹೇಳು, ಬೇಡ ಅನ್ನಲ್ಲ. ಆದ್ರೆ ನಂಗೆ ಅಲ್ಲಿ ಕೂರೋಕಾಗಲ್ಲಮ್ಮಾ, ಎಲ್ರೂ ನನ್ನೇ ನೋಡ್ತಾರೆ.’ ಅವಳನ್ನು ಒತ್ತಾಯ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಹೊರಟವಳು ಎರಡು ಸಲ ಹಿಂತಿರುಗಿ ನೋಡಿದೆ. ಎಲ್ಲರೂ ಇಲ್ಲಿ ಚಪ್ಪಾಳೆ ತಟ್ಟುವಾಗ ಅವಳೊಬ್ಬಳು ಮನೆಯಲ್ಲಿ...

ಅಯ್ಯೋ! ಅಧ್ಯಕ್ಷರೇ, ಒಂದು ನಿಮಿಷ. ಹಿಂದಿನ ಬಾಗಿಲ ಹತ್ತಿರ... ಹೌದು, ಅವಳೇ! ಬಂದುಬಿಟ್ಟಳು! ಯಾರೂ ತಿರುಗಬೇಡಿ, ದಯವಿಟ್ಟು ತಿರುಗಬೇಡಿ. ತಿರುಗಿಯೇಬಿಟ್ಟಿರಿ. ಹೋಗಲಿ.

ಮಗಳೇ, ಅಲ್ಲೇ ಇರು, ಓಡಬೇಡ. ಅವಳು ನಿನ್ನನ್ನು ಕ್ಷಮಿಸಿಲ್ಲ. ಮುಂದೆಯೂ ಕ್ಷಮಿಸದೆ ಇರಬಹುದು, ಅದು ಅವಳಿಗೆ ಬಿಟ್ಟದ್ದು. ಕ್ಷಮೆ ಸಿಗಲಿ ಎಂದು ನೋಡಬೇಡ. ಕಳೆದ ವರ್ಷ ನಾವಿಬ್ಬರೂ ಸೇರಿ ಇಷ್ಟು ಜನರಿಂದ ಏನನ್ನು ಕಿತ್ತುಕೊಂಡೆವು ಎಂದು ನಿನ್ನ ಕಣ್ಣಾರೆ ನೋಡು. ಒಬ್ಬಳೇ ನೋಡುವುದು ಕಷ್ಟ, ನನಗೆ ಗೊತ್ತು.

ಅಧ್ಯಕ್ಷರೇ, ಮೇಡಂ, ಎರಡು ನಿಮಿಷವನ್ನು ಇಷ್ಟು ಉದ್ದ ಹೊಲಿದದ್ದಕ್ಕೆ ಮನ್ನಿಸಿ. ಮಾತಾಡಲು ಬಿಟ್ಟ ನಿಮಗೂ, ಎದ್ದು ಹೋಗದೆ ಕೇಳಿದ ಸಭೆಗೂ, ಪರದೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಆ ಹುಡುಗಿಗೂ, ಅವಳ ತಾಯಿಗೂ ನನ್ನ ಕೃತಜ್ಞತೆಗಳು. ನಾನು ಇಲ್ಲಿ ಕೂರುವುದಿಲ್ಲ, ಕೆಳಗಿಳಿದು ಬಾಗಿಲ ಹತ್ತಿರ ಹೋಗುತ್ತೇನೆ. ದೀಪ ಆರಿಸುತ್ತಿದ್ದಾರೆ. ಸ್ವಲ್ಪ ದಾರಿ ಬಿಡಿ. ಮಗಳೇ, ಬಂದೆ.

ಎಲ್ಲರಿಗೂ ನಮಸ್ಕಾರ.