ಒಂದು ಸ್ವೆಟರಿನಷ್ಟು ದೂರ

ವಿಮಾನದ ಟಿಕೆಟ್ ಕಚೇರಿಯ ಸಾಲಿನಲ್ಲಿ ದರ್ಜಿಯೊಬ್ಬನ ಮುಂದೆ ಒಬ್ಬ ಮುದುಕಿ ಮತ್ತು ಅವರ ಮಗಳು ನಿಂತಿದ್ದರು. ಮುದುಕಿಯ ಚೀಲದಿಂದ ಹೆಣಿಗೆ ಕಡ್ಡಿಗಳು ಇಣುಕುತ್ತಿದ್ದವು. ದರ್ಜಿಯ ಕಿವಿ ತಾನಾಗಿ ನೆಟ್ಟಗಾಯಿತು.

“ನಿನ್ನ ದೊಡ್ಡಮ್ಮನ ಊರಿಗೆ ಎಷ್ಟು ಹೊತ್ತೇ?”

“ಏಳು ಸಾವಿರ ಕಿಲೋಮೀಟರ್ ಅಮ್ಮ. ನೇರ ಹೋದ್ರೆ ಒಂಬತ್ತು ಗಂಟೆ.”

“ಅಷ್ಟ್ರಲ್ಲಿ ಸ್ವೆಟರಿಂದು ಒಂದು ತೋಳೂ ಮುಗಿಯಲ್ಲ. ಆಗೆಲ್ಲ ಹಡಗು ಹತ್ತಿ ಮೊದಲ ಸಾಲು ಹಾಕಿದ್ರೆ, ಆ ದಡ ಕಾಣೋ ಹೊತ್ತಿಗೆ ಗುಂಡಿ ಹೊಲಿದಾಗಿರ್ತಿತ್ತು. ಅಲ್ಲೇ ಬಂದರಲ್ಲೇ ತೊಡಿಸ್ತಿದ್ದೆ.”

“ದೊಡ್ಡಮ್ಮ ಏನಂತಿದ್ರು?”

“ತೋಳು ಗಿಡ್ಡ ಅಂತ ಬೈತಿದ್ಲು. ಪ್ರತಿ ಸಲಾನೂ.”

ಎರಡು ಬೆರಳು ಉದ್ದ ಬಿಡಿ ಎನ್ನಲು ದರ್ಜಿಯ ನಾಲಿಗೆ ತುರಿಸಿತು.

“ನಡುವೆ ಇಳಿದು ಬೇರೆ ವಿಮಾನ ಹತ್ತೋದೂ ಇದೆ ಅಮ್ಮ. ಇಪ್ಪತ್ತೆರಡು ಗಂಟೆ.”

“ಅದನ್ನೇ ತಗೋ. ಬರಿಗೈಲಿ ಹೇಗೆ ಹೋಗ್ಲಿ?”

ಮಗಳು ದನಿ ತಗ್ಗಿಸಿದಳು. “ಡಾಕ್ಟರು ಬೇಗ ಬನ್ನಿ ಅಂದಿದಾರಮ್ಮ.”

ಮುದುಕಿ ಉಣ್ಣೆಯುಂಡೆಯನ್ನು ಚೀಲದೊಳಕ್ಕೆ ಒತ್ತಿದರು.

“ಹಾಗಾದ್ರೆ ನೇರ ಹೋಗೋದೇ ಇರ್ಲಿ. ತೋಳು ಅವಳ ಮಂಚದ ಪಕ್ಕ ಕೂತು ಹಾಕ್ತೀನಿ. ಬೈಯೋಕೆ ಅವಳಿಗೂ ಏನಾದ್ರೂ ಬೇಕಲ್ಲ.”

ಇಬ್ಬರೂ ಕೌಂಟರಿನತ್ತ ಸರಿದರು. ಹೇಳಲೆಂದು ತೆರೆದಿದ್ದ ಬಾಯನ್ನು ದರ್ಜಿ ಮುಚ್ಚಿಕೊಂಡ.